ಹನ್ನೊಂದು ಗುಟ್ಟಿನ ಬಂಡೆಗಳು

ಖೋರ್ ಸಿದ್ರಾ ಎಂಬ ಕಡಲೂರಿನ ಗಂಡಸರು ಐದು ಹೊತ್ತಿನ ನಮಾಜು ತಪ್ಪಿಸುವವರಲ್ಲ. ದಾರಿಹೋಕ ಬಾಗಿಲಿಗೆ ಬಂದರೆ ಮೂರು ದಿನ ಹೆಸರು ಕೇಳದೆ ಊಟಕ್ಕಿಕ್ಕುತ್ತಾರೆ. ಆಡಿದ ಮಾತು ಅಂದರೆ ಆಡಿದ ಮಾತೇ. ಆದರೆ “ಈ ಮೀನು ಎಲ್ಲಿ ಸಿಕ್ಕಿತು” ಎಂದು ಕೇಳಿ ನೋಡಿ, ಅಷ್ಟೂ ಜನರ ಮುಖ ಒಂದೇ ಸಲ ಸುಣ್ಣ ಬಳಿದ ಗೋಡೆಯಾಗುತ್ತದೆ. “ಸಮುದ್ರದಲ್ಲಿ” ಎನ್ನುತ್ತಾರೆ. ಒತ್ತಿ ಕೇಳಿದರೆ “ದೇವರು ಕೊಟ್ಟ ಕಡೆ” ಎನ್ನುತ್ತಾರೆ. ಇನ್ನೂ ಬಿಡದಿದ್ದರೆ ಗಡ್ಡವನ್ನು ಉತ್ತರಕ್ಕೆ ಎತ್ತಿ ತೋರಿಸುತ್ತಾರೆ. ಕೇಳಿದವನು, ಹಾಗಾದರೆ ದಕ್ಷಿಣವೇ ಇರಬೇಕು ಎಂದುಕೊಂಡು ಹೊರಡುತ್ತಾನೆ. ಅದೂ ಸರಿಯಿರುವುದಿಲ್ಲ.

ಇವರೆಲ್ಲರಲ್ಲಿ ಬಾಯಿ ಬಿಗಿ ಹಿಡಿದವನೆಂದರೆ ಸಂಜೂರ. ಅರವತ್ತೆಂಟರ ಪ್ರಾಯ, ಕಡಲ ಹಿರಿಯರ ಕೂಟಕ್ಕೆ ಅವನೇ ಯಜಮಾನ. ಯಾರ ಬಲೆ ಯಾರ ಬಲೆಯ ಮೇಲೆ ಬಿತ್ತು, ದಡದಲ್ಲಿ ದೋಣಿ ಎಳೆಯುವ ಸರದಿ ಯಾರದು ಎಂಬ ಜಗಳಗಳು ಅವನ ಚಾಪೆಯ ಮುಂದೆ ಬಂದು ಮುಗಿಯುತ್ತಿದ್ದವು. ಅವನ ಗುಟ್ಟು ಒಂದು ಬಂಡೆ. ನೀರಿನೊಳಗೆ ಹದಿನಾಲ್ಕು ಮಾರು ಆಳದಲ್ಲಿ ಇರುವ ಅದನ್ನು ಕಣ್ಣಿನಿಂದ ಯಾರೂ ಕಂಡಿಲ್ಲ. ಮಸೀದಿಯ ಮಿನಾರು ಹಿಂದಿನ ಗುಡ್ಡದ ಕಚ್ಚಿನೊಳಗೆ ಕೂತಂತೆ ಕಾಣುವ ಕಡೆ ದೋಣಿ ನಿಲ್ಲಿಸಿ ಗಾಳ ಬಿಟ್ಟರೆ ತೊಡೆಯಷ್ಟು ದಪ್ಪದ ಅಂಜಲ್ ಕಚ್ಚುತ್ತಿತ್ತು. ಅವನ ತಂದೆ ಕೊನೆಗಾಲದಲ್ಲಿ ಕೋಣೆಯಿಂದ ಎಲ್ಲರನ್ನೂ ಹೊರಗೆ ಕಳಿಸಿ, ಮಗನ ಕಿವಿಯಲ್ಲಿ ಮೊದಲು ಆ ಗುರುತನ್ನು ಹೇಳಿ, ಮನಸ್ಸು ಹಗುರ ಮಾಡಿಕೊಂಡು, ಆಮೇಲೆ ದೇವರ ನಾಮ ನುಡಿದು ಕಣ್ಣು ಮುಚ್ಚಿದ್ದ. ಅದಾಗಿ ನಲವತ್ತು ವರ್ಷ. ಸಂಜೂರ ಅದನ್ನು ಹೆಂಡತಿಗೂ ಹೇಳಿರಲಿಲ್ಲ.

ಇಂಥ ಊರಿಗೆ ಬುದೂರ್ ಬಂದಳು. ಮಸ್ಕತ್ತಿನ ಹುಡುಗಿ. ಮೀನುಗಾರಿಕೆ ಇಲಾಖೆಯ ಸಂಶೋಧಕಿ. ಕಪ್ಪು ಅಬಾಯದ ಕೆಳಗೆ ರಬ್ಬರ್ ಬೂಟು, ಕೈಯಲ್ಲೊಂದು ನೀಲಿ ಪೆಟ್ಟಿಗೆ. ಗಂಡಸರು ಸೇರುವ ಸಬ್ಲಾದ ಚಾವಡಿಯಲ್ಲಿ ಖರ್ಜೂರ, ಕಾಫಿ ಮುಗಿಸಿ, ಬಟ್ಟಲನ್ನು ಅಲ್ಲಾಡಿಸಿ ಸಾಕೆಂದು ತೋರಿಸಿ, ನೇರ ವಿಷಯಕ್ಕೆ ಬಂದಳು.

“ವರ್ಷದಲ್ಲಿ ಎರಡು ತಿಂಗಳು ಅಂಜಲ್ ಹಿಡೀಬಾರದು ಅಂತ ಆಗ್ತಾ ಇದೆ ಚಿಕ್ಕಪ್ಪ. ಮೀನು ಕಡಿಮೆ ಆಗಿರೋದು ನಿಮಗೇ ಗೊತ್ತು. ಯಾವ ಎರಡು ತಿಂಗಳು ಅನ್ನೋದೇ ಈಗಿನ ಮಾತು.”

“ನಮ್ಮ ಅಂಜಲ್ ಗಾಳಿಯ ತಿಂಗಳಲ್ಲಿ ಮೊಟ್ಟೆ ಇಡುತ್ತೆ ಮಗಳೇ,” ಎಂದ ಸಂಜೂರ. “ಉತ್ತರದವರ ಅಂಜಲ್ ಬೇರೆ, ನಮ್ಮದು ಬೇರೆ. ಅದರ ಕುಲವೇ ಬೇರೆ. ಉತ್ತರದ ತಿಂಗಳನ್ನ ನಮ್ಮ ತಲೆ ಮೇಲೆ ಹಾಕಬೇಡಿ.”

“ಗಾಳಿಯ ತಿಂಗಳು ಅಂದ್ರೆ, ಕಡಲು ಎದ್ದು ಹೇಗೂ ನಿಮ್ಮ ದೋಣಿ ಇಳಿಯದ ತಿಂಗಳು.”

ಸಬ್ಲಾದಲ್ಲಿ ಯಾರೋ ಕೆಮ್ಮಿದರು. ಸಂಜೂರನಿಗೆ ಎದುರು ಕೂತಿದ್ದ ಖಲ್ಫಾನ್ ಮೀಸೆಯಲ್ಲಿ ನಕ್ಕ. ಅವನೂ ಸಂಜೂರನ ಓರಗೆಯವನೇ, ಚಿಕ್ಕಂದಿನಿಂದ ಇಬ್ಬರದೂ ಒಂದು ಬಗೆಯ ಪೈಪೋಟಿ. “ದೇವರ ಇಚ್ಛೆ ಹಾಗಿದ್ದರೆ ನಾವೇನು ಮಾಡೋಣ ತಾಯಿ? ಮೀನಿಗೂ ನಮ್ಮ ಕಷ್ಟ ಅರ್ಥ ಆಗಿರಬೇಕು.”

“ಸರಿ, ಮೀನನ್ನೇ ಕೇಳೋಣ,” ಎಂದು ಬುದೂರ್ ಪೆಟ್ಟಿಗೆ ತೆರೆದಳು. ಕಿರುಬೆರಳಿನಷ್ಟಿರುವ ಸೀಸೆಗಳು ಸಾಲಾಗಿ ಕೂತಿದ್ದವು. “ಪ್ರತಿ ಮೀನಿನ ಮೈಯಲ್ಲಿ ಅದರ ವಂಶಾವಳಿ ಬರೆದಿರುತ್ತೆ. ಅರ್ಧ ತಾಯಿಯಿಂದ ಬಂದದ್ದು, ಅರ್ಧ ತಂದೆಯಿಂದ. ನೀವು ಇಂಥವನ ಮಗ, ಇಂಥವನ ಮೊಮ್ಮಗ ಅಂತ ಹೇಳ್ಕೊಳ್ಳೋ ಹಾಗೆ ಅದೂ ಹೇಳುತ್ತೆ. ಓದೋದನ್ನ ನಾವು ಕಲ್ತಿದ್ದೀವಿ, ಅಷ್ಟೆ. ರೆಕ್ಕೆಯ ತುದಿಯಿಂದ ಉಗುರಿನಷ್ಟು ಕತ್ತರಿಸಿ ಇದರೊಳಗೆ ಹಾಕಿ. ಸೀಸೆ ಮೇಲೆ ತಾರೀಖು, ಸಿಕ್ಕಿದ ಜಾಗ ಬರೀರಿ. ನಿಮ್ಮ ಅಂಜಲ್ ಬೇರೆ ಕುಲವೋ, ಉತ್ತರದವರ ನೆಂಟರೋ, ಎಲ್ಲಿ ಹುಟ್ಟಿ ಎಲ್ಲಿ ಸೇರ್ತವೆ, ಎಲ್ಲ ಗೊತ್ತಾಗುತ್ತೆ. ಗೊತ್ತಾದ ಹಾಗೆ ತಿಂಗಳು ನಿಗದಿ ಮಾಡ್ತಾರೆ.”

“ಏಳು ತಲೆಮಾರು ಹೇಳುತ್ತಾ?” ಎಂದ ಖಲ್ಫಾನ್. “ನಮ್ಮ ಮುಸಲ್ಲಮ್‌ಗೆ ಮೂರರ ಮೇಲೆ ಬರಲ್ಲ.”

ಮುಸಲ್ಲಮ್ ಆ ಚಾವಡಿಯಲ್ಲಿ ಎಲ್ಲರಿಗಿಂತ ಕಿರಿಯ, ನಾಲ್ಕು ಮಕ್ಕಳ ತಂದೆ. ಸೀಸೆಯೊಂದನ್ನು ಮೂಸಿ ನೋಡಿ ಮುಖ ಹಿಂದಕ್ಕೆಳೆದ. “ಇದು ಮದ್ಯದ ವಾಸನೆ ಅಲ್ವಾ?”

“ಸ್ಪಿರಿಟ್ ಅಣ್ಣ, ಆಸ್ಪತ್ರೆಯದು. ಕುಡಿಯೋದು ಮೀನು. ಅದೂ ಸತ್ತ ಮೇಲೆ.”

ಎಲ್ಲರೂ ನಕ್ಕರು. ಸಂಜೂರ ಎದೆಯ ಮೇಲೆ ಕೈಯಿಟ್ಟು, ಊರಿನ ಪರವಾಗಿ ಮಾತು ಕೊಟ್ಟ. ಕುಲದ ಮಾತು ಅವನಿಗೆ ಹಿಡಿಸಿತ್ತು. ಆದರೆ ಸೀಸೆಯ ಮೇಲೆ ‘ಜಾಗ’ ಎಂದು ಅಚ್ಚು ಹಾಕಿದ್ದ ಆ ಒಂದು ಗೆರೆಯನ್ನು ಹನ್ನೊಂದು ದೋಣಿಗಳ ಹನ್ನೊಂದು ಯಜಮಾನರೂ ಹಾವು ನೋಡಿದಂತೆ ನೋಡುತ್ತಿದ್ದರು.

ಹೇಳಿದರೆ ಗುಟ್ಟು ಹೋಯಿತು. ಸುಳ್ಳು ಬರೆದರೆ ಪಾಪ. ಧರ್ಮಭೀರುಗಳಿಗೆ ಬರುವ ಸಂಕಟ ಇಂಥದ್ದೇ, ಮತ್ತು ಅದಕ್ಕೆ ದಾರಿ ಹುಡುಕುವ ಜಾಣತನವೂ ಅವರಿಗೇ ಹೆಚ್ಚು. ಯಾರು ಮೊದಲು ಮಾಡಿದರೋ, ಎರಡೇ ದಿನದಲ್ಲಿ ಎಲ್ಲರೂ ಅದನ್ನೇ ಮಾಡತೊಡಗಿದರು. ತಮ್ಮ ಗುಟ್ಟಿನ ಜಾಗದಲ್ಲಿ ಹಿಡಿದ ಮೀನನ್ನು ಬರುವ ದಾರಿಯಲ್ಲಿ ಇನ್ನೊಂದು ಕಡೆ, ಏನೂ ಸಿಗದ ಬರಡು ನೀರಿನಲ್ಲಿ, ಬಾಲ ಹಿಡಿದು ಒಮ್ಮೆ ಮುಳುಗಿಸಿ ಎತ್ತುವುದು. ಆಮೇಲೆ ಆ ಜಾಗದ ಹೆಸರು ಬರೆಯುವುದು. ಮೀನು ಆ ನೀರಿನಿಂದ ಮೇಲೆ ಬಂದದ್ದು ನಿಜ ತಾನೆ? ಸಂಜೂರನೂ ತನ್ನ ಮೀನನ್ನು ಹಾಗೆ ಮೀಯಿಸಿದ. ಮೀಯಿಸುವಾಗ ಆಕಾಶದ ಕಡೆ ನೋಡಲಿಲ್ಲ.

ಸೀಸೆಗಳನ್ನು ಒಯ್ಯಲು ಬುದೂರ್ ಬರುವ ದಿನ ಬೆಳಗ್ಗೆ ನಾಲ್ಕು ದೋಣಿಗಳು ಬರಿಗೈಯಲ್ಲಿ ಬಂದವು. ಖಾಲಿ ಸೀಸೆ ಹಿಡಿದು ನಿಂತ ನಾಲ್ವರ ಮುಖ ನೋಡಲಾಗುತ್ತಿರಲಿಲ್ಲ. ಪರಊರಿನ ಹೆಣ್ಣುಮಗಳ ಎದುರು, ಊರು ಕೊಟ್ಟ ಮಾತಿನ ಎದುರು, ಇದೆಂಥ ನಾಚಿಕೆ. ಸಂಜೂರನ ದೋಣಿಯಲ್ಲಿ ಅವತ್ತು ಒಂದೇ ಮೀನು, ಆದರೆ ರಾಜನಂಥದ್ದು. ಅವನು ಏನೂ ಮಾತಾಡದೆ ಚಾಕು ತೆಗೆದು ಅದರ ರೆಕ್ಕೆಯಿಂದ ಐದು ಚೂರು ಮಾಡಿದ. ಒಂದು ತನಗೆ, ನಾಲ್ಕು ಅವರಿಗೆ. ನೆರೆಯವನ ಮಾನ ಮುಚ್ಚಿದವನ ಮಾನವನ್ನು ದೇವರು ಮುಚ್ಚುತ್ತಾನೆಂದು ಅವನು ನಂಬಿದ್ದ. ನಾಲ್ವರೂ ತಮ್ಮ ತಮ್ಮ ಚೂರನ್ನು ತಮಗೆ ತೋಚಿದ ಕಡೆಯ ನೀರಿಗೆ ಅದ್ದಿ ತಂದು, ತಮಗೆ ತೋಚಿದ ಹೆಸರು ಬರೆದರು. ಬುದೂರ್ ಸೀಸೆಗಳನ್ನು ಎಣಿಸಿ, ಸಂತೋಷಪಟ್ಟು, ಎಲ್ಲರಿಗೂ ಆಯುಷ್ಯ ಕೋರಿ ಹೋದಳು.

ಮೂರು ವಾರದ ಮೇಲೆ ತಿರುಗಿ ಬಂದಾಗ ಅವಳು ಕಾಫಿ ಮುಟ್ಟಲಿಲ್ಲ. ಅತಿಥಿ ಬಟ್ಟಲನ್ನು ಹಾಗೇ ಕೆಳಗಿಟ್ಟರೆ ಏನೋ ಕೇಳುವುದಿದೆ ಎಂದರ್ಥ.

“ಚಿಕ್ಕಪ್ಪ, ನಿಮ್ಮ ಊರಲ್ಲಿ ಒಂದು ಪವಾಡ ನಡೆದಿದೆ,” ಎಂದಳು. “ಒಂದೇ ಅಂಜಲ್, ಒಂದೇ ಬೆಳಗ್ಗೆ, ಐದು ಜಾಗದಲ್ಲಿ, ಐದು ಜನಕ್ಕೆ ಸಿಕ್ಕಿದೆ.”

ಪೆಟ್ಟಿಗೆಯಿಂದ ಐದು ಸೀಸೆ ತೆಗೆದು ಸಾಲಾಗಿ ಇಟ್ಟಳು.

“ಅಣ್ಣ ತಮ್ಮ ಅಂದ್ಕೊಂಡೆ. ಆದರೆ ಅಣ್ಣ ತಮ್ಮಂದಿರ ಬರಹ ಪೂರ್ತಿ ಒಂದೇ ಇರಲ್ಲ. ಇದರಲ್ಲಿ ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಒಂದೇ ಮೀನು. ಇನ್ನು ಮಿಕ್ಕ ಸೀಸೆಗಳ ಕಥೆ. ನೀವು ಬರೆದ ಅರ್ಧ ಜಾಗಗಳಲ್ಲಿ ನೀರು ಮೂರು ಮಾರೂ ಇಲ್ಲ. ಅಲ್ಲಿ ಅಂಜಲ್ ಇರಲಿ, ಏಡಿ ಬರೋದೂ ಕಷ್ಟ. ನಮ್ಮ ದೊಡ್ಡವರು ಹೇಳಿದಾರೆ, ಖೋರ್ ಸಿದ್ರಾದ ಸೀಸೆಗಳನ್ನ ಬದಿಗಿಡಿ ಅಂತ. ಇನ್ನು ಹದಿನೈದು ದಿನಕ್ಕೆ ಸಭೆ. ನಿಮ್ಮ ಊರಿನ ಮೀನಿನ ಮಾತು ಅಲ್ಲಿ ಇರಲ್ಲ. ಉತ್ತರದ ತಿಂಗಳೇ ನಿಮಗೂ.”

ಉತ್ತರದ ತಿಂಗಳೆಂದರೆ ಗಾಳಿ ಇಳಿದ ಮೇಲಿನ ಮೊದಲ ಎರಡು ತಿಂಗಳು. ಇಡೀ ವರ್ಷ ಆ ಊರು ಕಾಯುವುದು ಅದಕ್ಕೇ. ಅದು ಹೋಗುವುದು ಒಂದು. ಕಡಲ ಹಿರಿಯನ ಮಾತು ಬದಿಗಿಟ್ಟ ಮಾತಾಗುವುದು ಇನ್ನೊಂದು. ಆ ನಾಲ್ವರಲ್ಲಿ ಒಬ್ಬನಾದ ಮುಸಲ್ಲಮ್ ಬಾಯಿ ತೆರೆಯಲು ಹೊರಟದ್ದು ಕಂಡು ಸಂಜೂರ ತಾನೇ ಮುಂದೆ ಬಿದ್ದ.

“ಐದು ಚೂರೂ ನಾನು ಕತ್ತರಿಸಿದ್ದು, ಮಗಳೇ. ನನ್ನ ಮೀನು, ನನ್ನ ಚಾಕು. ಬೇರೆ ಯಾರನ್ನೂ ಕೇಳಬೇಡ. ತಪ್ಪು ನನ್ನದು.”

ಬುದೂರ್ ಅವನನ್ನು ನೋಡಿದಳು, ಆಮೇಲೆ ತಲೆ ತಗ್ಗಿಸಿದ್ದ ನಾಲ್ವರನ್ನು ಸರಿಯಾಗಿ ಎಣಿಸಿದಳು. ಕೆಳಗಿಟ್ಟಿದ್ದ ಬಟ್ಟಲನ್ನು ಕೈಗೆ ತೆಗೆದುಕೊಂಡಳು.

“ಹತ್ತು ದಿನ ಇಲ್ಲೇ ಇರ್ತೀನಿ. ರೆಕ್ಕೆ ಈ ಸಲ ನಾನೇ ಕತ್ತರಿಸ್ತೀನಿ. ಜಾಗ ಮಾತ್ರ ನೀವು ನಿಜ ಹೇಳ್ಬೇಕು. ಹೆಸರೇ ಬೇಕು ಅಂತಿಲ್ಲ. ಒಂದು ಜಾಗವೋ, ಬೇರೆ ಬೇರೆಯೋ, ಅಷ್ಟು ಖಚಿತ ಇದ್ರೆ ಸಾಕು.”

ಸಂಜೂರ ಯೋಚಿಸಿದ: ಯಜಮಾನನಾದವನು ಮೊದಲು ತಾನು ಹೇಳಬೇಕು. ಅವಳನ್ನು ದಡಕ್ಕೆ ಕರೆದೊಯ್ದ. ಹತ್ತಿರ ಯಾರೂ ಇಲ್ಲವೆಂದು ನೋಡಿಕೊಂಡ. ಗಂಟಲು ಸರಿಮಾಡಿಕೊಂಡ.

“ನನ್ನ ಜಾಗ...” ಎಂದ. ತಂದೆಯ ಉಸಿರು ಕಿವಿಗೆ ತಗುಲಿದ ಹಾಗಾಯಿತು. “ನನ್ನ ಜಾಗ, ಸಮುದ್ರದಲ್ಲಿ.”

“ಅದು ಗೊತ್ತಾಯ್ತು ಚಿಕ್ಕಪ್ಪ.”

“ನಿಮ್ಮ ಕಡೆಯವರು ಯಾರಾದ್ರೂ ಮೀನು ಹಿಡೀತಾರಾ?”

“ನಮ್ಮ ಸೋದರಮಾವ ಹಿಡೀತಾರೆ.”

“ನೋಡು ಮತ್ತೆ,” ಎಂದ ಸಂಜೂರ, ಅದರಿಂದಲೇ ಎಲ್ಲ ತೀರ್ಮಾನವಾಯಿತು ಎಂಬಂತೆ.

ಮನೆಗೆ ಬಂದು ಕೂತವನ ಮುಖ ನೋಡಿ ಹೆಂಡತಿ ಜುವೈನಾ ಒಣ ನಿಂಬೆ ಹಾಕಿದ ಮೀನಿನ ಸಾರು ಮುಂದಿಟ್ಟಳು. ಅವನು ಮುಟ್ಟಲಿಲ್ಲ. ನಡೆದದ್ದೆಲ್ಲ ಹೇಳಿದ.

ಜುವೈನಾ ಊರಿನ ಸೂಲಗಿತ್ತಿ. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದು ಅವಳದಿತ್ತು. ಯಾವ ತಾಯಿ ಯಾರ ಮಗುವಿಗೆ ಹಾಲು ಕೊಟ್ಟಳು ಎಂಬುದು ಆ ಊರಿನಲ್ಲಿ ಅವಳ ತಲೆಯಲ್ಲಿ ಮಾತ್ರ ಇದ್ದದ್ದು. ಒಂದೇ ಎದೆಹಾಲು ಕುಡಿದವರು ಒಡಹುಟ್ಟಿದವರಂತೆ, ಮದುವೆಯಾಗುವಂತಿಲ್ಲ. ನಿಶ್ಚಯಕ್ಕೆ ಮೊದಲು ಎರಡೂ ಮನೆಯವರು ಬಂದು ಅವಳನ್ನು ಕೇಳುತ್ತಿದ್ದರು. ಅವಳು “ಆಗಬಹುದು” ಎನ್ನುತ್ತಿದ್ದಳು ಅಥವಾ “ಬೇಡ” ಎನ್ನುತ್ತಿದ್ದಳು. ಏಕೆ, ಯಾವಾಗ, ಯಾರ ಹಾಲು ಎಂದು ನಲವತ್ತು ವರ್ಷದಲ್ಲಿ ಯಾರಿಗೂ ಹೇಳಿದ್ದಿಲ್ಲ.

“ನಾಸಿರನಪ್ಪಾ,” ಎಂದಳು ಈಗ, ಎಂದಿನಂತೆ ಮಗನ ಹೆಸರು ಹಿಡಿದು, “ಮುನ್ನೂರು ಜನರ ಹಾಲು ಹೊಟ್ಟೆಯಲ್ಲಿ ಇಟ್ಕೊಂಡಿದ್ದೀನಿ. ಹನ್ನೊಂದು ಕಲ್ಲು ಇಟ್ಕೊಳ್ಳೋಕೆ ಆಗಲ್ವಾ?”

ಸಂಜೂರ ತಲೆ ಎತ್ತಿದ.

“ಒಬ್ಬೊಬ್ಬರೇ ಬಂದು ನನಗೆ ಹೇಳಲಿ. ನಾನು ಆ ಹುಡುಗಿಗೆ ಒಂದು, ಎರಡು, ಮೂರು ಅಂತ ಅಂಕಿ ಕೊಡ್ತೀನಿ. ತಮ್ಮ ಅಂಕಿ ಯಾವುದು ಅಂತ ಅವರಿಗೂ ಹೇಳಲ್ಲ, ಯಾವ ಅಂಕಿಯ ಕಲ್ಲು ಎಲ್ಲಿದೆ ಅಂತ ಅವಳಿಗೂ ಹೇಳಲ್ಲ. ನಿಮಗಂತೂ ಮೊದಲೇ ಹೇಳಲ್ಲ.”

“ನನಗ್ಯಾಕೆ ಹೇಳಲ್ಲ?”

“ನಲವತ್ತು ವರ್ಷ ಒಂದೇ ದಿಂಬು ಹಂಚ್ಕೊಂಡು ನೀವು ನನಗೆ ಹೇಳಿದ್ರಾ?”

ಅವನು ಸಾರಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡ.

ಶುಕ್ರವಾರದ ಜುಮಾ ನಮಾಜು ಮುಗಿದ ಮೇಲೆ ಜುವೈನಾ ಹೊಸ್ತಿಲ ಒಳಗೆ ಪರದೆಯ ಹಿಂದೆ ಲುಬಾನಿನ ಧೂಪ ಹಾಕಿಕೊಂಡು ಕೂತಳು. ಹನ್ನೊಂದು ಜನ ಅಂಗಳದಲ್ಲಿ ಸಿದ್ರಾ ಎಂಬ ಬೋರೆ ಮರದ ನೆರಳಲ್ಲಿ, ಹೆಣ್ಣು ಕೇಳಲು ಬಂದವರ ಹಾಗೆ ಗಂಭೀರವಾಗಿ ನಿಂತರು. ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಮೊದಲು ಸಂಜೂರನೇ ಹೋದ. ಪರದೆಗೆ ಬಾಯಿಟ್ಟು ಮಿನಾರಿನ ಗುರುತು ಹೇಳಿದ. ಹೇಳಿ ಮುಗಿಸಿದಾಗ ಅವನ ಕಣ್ಣು ತೇವವಾಗಿತ್ತು. ಧೂಪದ ಹೊಗೆ ಎಂದುಕೊಂಡ.

“ಎಷ್ಟು ಮಾರು?” ಒಳಗಿನ ದನಿ ಕೇಳಿತು.

“ಹದಿನಾಲ್ಕು.”

“ಸೀಸದ ಗುಂಡಿಗೆ ಮೇಣ ಮೆತ್ತಿ ನೀರಿಗೆ ಇಳಿಸಿದ್ರೆ ತಳದಿಂದ ಏನು ಅಂಟಿಕೊಂಡು ಬರುತ್ತೆ?”

“ಕೆಂಪು ಹರಳು. ಒಡೆದ ಚಿಪ್ಪು.” ಅವನಿಗೆ ಆಶ್ಚರ್ಯವಾಯಿತು. ಆಮೇಲೆ ನೆನಪಾಯಿತು, ಅವಳೂ ಬೆಸ್ತರ ಮನೆಯ ಮಗಳೇ.

“ಸರಿ, ಹೋಗಿ. ಮುಂದಿನವರನ್ನ ಕಳಿಸಿ.”

ಖಲ್ಫಾನ್ ಹೋದ, ತುಂಬ ಹೊತ್ತು ಪಿಸುಗುಟ್ಟಿದ. ಮುಸಲ್ಲಮ್ ಹೋದ. ಐದನೆಯವನು ಒಳಗಿದ್ದಾಗ ಪರದೆಯ ಹಿಂದೆ ಒಂದು ಸಣ್ಣ ಕೆಮ್ಮು ಕೇಳಿತು. ಏಳನೆಯವನ ಹೊತ್ತಿಗೆ ಅದು ಕೆಮ್ಮಲ್ಲವೆಂದು ಎಲ್ಲರಿಗೂ ಗೊತ್ತಾಯಿತು. ಹತ್ತನೆಯವನು ಮುಖ ಕೆಂಪು ಮಾಡಿಕೊಂಡು ಹೊರಬಂದ. “ಇಷ್ಟು ವರ್ಷದ ಗುಟ್ಟು ಹೇಳ್ತಾ ಇದ್ರೆ ನಾಸಿರನಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಗ್ತಾರಲ್ಲ.”

“ಹೇಳಿದ ರೀತಿ ಹಾಗಿರಬೇಕು,” ಎಂದ ಖಲ್ಫಾನ್. ಆದರೆ ಅವನ ಮುಖದಲ್ಲೂ ಅನುಮಾನವಿತ್ತು.

ಅಂದು ಊಟಕ್ಕೆ ಕೂತಾಗ ಜುವೈನಾ ಅನ್ನ ಬಡಿಸುತ್ತ ಬಡಿಸುತ್ತ ಒಮ್ಮೆ ನಿಂತು, ಸೌಟು ಕೆಳಗಿಟ್ಟು, ಗೋಡೆಗೊರಗಿ ನಕ್ಕಳು. ಕಣ್ಣೊರೆಸಿಕೊಂಡು ಮತ್ತೆ ಬಡಿಸಿದಳು.

“ಏನಾಯ್ತು?”

“ಏನಿಲ್ಲ. ದೇವರು ದೊಡ್ಡವನು. ಎಂಥೆಂಥ ಮಕ್ಕಳನ್ನ ಸಾಕ್ತಾನೆ.”

ಮುಂದಿನ ಹತ್ತು ದಿನ ಬುದೂರ್ ದಡದ ಮೇಲೆ ಚಾಪೆ ಹಾಸಿ ಕೂತಳು. ದೋಣಿ ಬಂದಂತೆ ಮೀನು ಅವಳ ಮುಂದೆ ಬರುತ್ತಿತ್ತು. ಅವಳೇ ರೆಕ್ಕೆ ಕತ್ತರಿಸುವಳು, ಹೊಟ್ಟೆ ಸೀಳಿ ಮೊಟ್ಟೆ ಇದೆಯೇ ನೋಡುವಳು. ಪಕ್ಕದಲ್ಲಿ ಬುರ್ಕಾ ಏರಿಸಿ ಕೂತ ಜುವೈನಾ ಬಂದವನ ಮುಖ ನೋಡಿ ಒಂದು ಅಂಕಿ ಅವಳ ಕಿವಿಯಲ್ಲಿ ಹೇಳುವಳು. ಇಬ್ಬರೂ ಬಲು ಬೇಗ ಅಕ್ಕತಂಗಿಯರಂತೆ ಆದರು. ವಂಶ ಓದುವ ಇಬ್ಬರು ಹೆಂಗಸರು, ಒಬ್ಬಳು ಯಂತ್ರದಲ್ಲಿ, ಒಬ್ಬಳು ನೆನಪಿನಲ್ಲಿ. ಮಾತಿಗೆ ಏನು ಬರ.

ಕೊನೆಯ ದಿನ ಬುದೂರ್ ತನ್ನ ಪಟ್ಟಿಯನ್ನು ತಿರುವಿ ಮುರುವಿ ನೋಡಿದಳು. ಬಲೆ ಬಿಡಿಸುತ್ತ ಹತ್ತಿರದಲ್ಲೇ ಇದ್ದ ಸಂಜೂರನಿಗೆ ಕೇಳಿಸಿತು.

“ಅಮ್ಮ, ನೀವು ನನಗೆ ಒಂದು, ಎರಡು, ಮೂರು, ಈ ಮೂರೇ ಅಂಕಿ ಕೊಟ್ಟಿದ್ದೀರ. ಹನ್ನೊಂದು ಜನ ಅಲ್ವಾ?”

“ಹನ್ನೊಂದು ಜನಾನೇ.”

“ನಾಲ್ಕರಿಂದ ಹನ್ನೊಂದು ಎಲ್ಲಿ?”

“ನಾಲ್ಕು ಇದ್ರೆ ತಾನೆ ಕೊಡೋದು ಮಗಳೇ.”

ಬುದೂರ್‌ಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಇಬ್ಬರೂ ಒಬ್ಬರ ಭುಜಕ್ಕೊಬ್ಬರು ಒರಗಿ ನಕ್ಕ ನಗುವಿಗೆ ದಡದ ಕಡಲಹಕ್ಕಿಗಳು ಎದ್ದು ಹಾರಿದವು. ಸಂಜೂರನ ಕೈಯಲ್ಲಿ ಬಲೆಯ ಗಂಟು ಹಾಗೇ ನಿಂತಿತು. ಹನ್ನೊಂದು ಜನ, ಮೂರು ಬಂಡೆ. ಹಾಗಾದರೆ ತನ್ನ ಬಂಡೆಯ ಮೇಲೆ?

ಆ ಸಂಜೆ ಅವನು ಹೆಂಡತಿಯ ಹಿಂದೆ ಹಿಂದೆ ತಿರುಗಿದ. “ಒಂದು ಮಾತು ಹೇಳು. ನನ್ನದರ ಮೇಲೆ ಬೇರೆ ಯಾರಾದ್ರೂ ಇದ್ದಾರಾ? ಹೆಸರು ಬೇಡ. ಹೌದೋ ಅಲ್ಲವೋ ಅಷ್ಟೇ.”

“ಹಾಲಿನ ಮಾತು ಹೇಳ್ತೀನಾ ನಾನು?”

“ಇದು ಹಾಲಲ್ಲವಲ್ಲ.”

“ಒಂದೇ ಎದೆಗೆ ಎಷ್ಟು ಜನ ಬಾಯಿ ಹಾಕಿದ್ದಾರೆ ಅನ್ನೋದೇ ಅಲ್ವಾ ಅದೂ?” ಎಂದು ಅವಳು ದೀಪದ ಬತ್ತಿ ಸರಿಮಾಡಿದಳು.

ಸಂಜೂರ ನಮಾಜಿನ ಚಾಪೆ ಹಾಸಿದ. ಅವತ್ತಿನ ಪ್ರಾರ್ಥನೆಯಲ್ಲಿ ಅವನ ಮನಸ್ಸು ಎರಡು ಸಲ ಕಡಲಿಗೆ ಹೋಗಿ ಬಂತು. ಎರಡನೇ ಸಲ ಹೋದಾಗ ಅವನಿಗೊಂದು ಸಂಗತಿ ಹೊಳೆಯಿತು: ಬಂಡೆ ಇಟ್ಟವನು ತಂದೆಯಲ್ಲ, ತಾನಲ್ಲ. ಇಟ್ಟವನು ಯಾರಿಗೆ ಬೇಕಾದರೂ ತೋರಿಸಿರಬಹುದು. ಇದು ನಿಜವೆಂದು ಗೊತ್ತಿದ್ದರೂ ಹೊಟ್ಟೆಯೊಳಗಿನ ಉರಿ ಆರಲಿಲ್ಲ. ಕ್ಷಮೆ ಕೇಳಿ ಮಲಗಿದ.

ಸಭೆ ಮುಗಿದ ಮರುವಾರ ಬುದೂರ್ ಬಂದಳು. ಈ ಸಲ ಬಾಗಿಲಲ್ಲೇ ನಗುತ್ತಿದ್ದಳು, ಕೈಯಲ್ಲಿ ಹಲ್ವಾದ ಡಬ್ಬಿ. ಸಬ್ಲಾ ತುಂಬಿತ್ತು. ಹೆಂಗಸರೂ ಕಿಟಕಿಯ ಹೊರಗೆ ಸೇರಿದ್ದರು.

“ಖೋರ್ ಸಿದ್ರಾದ ಸೀಸೆಗಳನ್ನ ಒಪ್ಪಿಕೊಂಡ್ರು,” ಎಂದಳು. ಒಂದು ದೊಡ್ಡ ನಿಟ್ಟುಸಿರು ಚಾವಡಿಯ ಸುತ್ತ ಹೋಯಿತು. “ಈಗ ಮೀನು ಏನು ಹೇಳ್ತು ಕೇಳಿ. ಚಿಕ್ಕಪ್ಪ ಹೇಳಿದ್ದು ಅರ್ಧ ನಿಜ. ನಿಮ್ಮ ಕಡಲಲ್ಲಿ ಎರಡು ಕುಲ ಸೇರ್ತವೆ. ಒಂದು ಉತ್ತರದ್ದೇ, ದಾರಿಹೋಕರು, ನಾಲ್ಕು ದಿನ ಇದ್ದು ಹೋಗೋವು. ಇನ್ನೊಂದು ಕುಲ ಇಲ್ಲೇ ಹುಟ್ಟಿ ಇಲ್ಲೇ ಇರೋದು. ಅದು ಸ್ವಲ್ಪ ಮುಂಚೆನೇ ಮೊಟ್ಟೆ ಇಡುತ್ತೆ. ಅದಕ್ಕೆ ನಿಮ್ಮ ಎರಡು ತಿಂಗಳು ಉತ್ತರದವರಿಗಿಂತ ಇಪ್ಪತ್ತು ದಿನ ಮೊದಲೇ ಶುರುವಾಗಿ, ಇಪ್ಪತ್ತು ದಿನ ಮೊದಲೇ ಮುಗಿಯುತ್ತೆ.”

ಇಪ್ಪತ್ತು ದಿನ. ಕೇಳಿದ್ದು ಅರವತ್ತು. ಆದರೂ ಜನ ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು. ಇಪ್ಪತ್ತು ದಿನದಲ್ಲಿ ಏನೆಲ್ಲ ಹಿಡಿಯಬಹುದೆಂದು ಅವರಿಗೆ ಗೊತ್ತಿತ್ತು.

“ನನ್ನ ಜಾಗದ್ದೇ ಇಲ್ಲಿನ ಕುಲ,” ಎಂದ ಖಲ್ಫಾನ್ ಮೆಲ್ಲಗೆ.

“ಹೌದು, ನಿನ್ನ ಮಗ್ಗುಲಲ್ಲಿ ಹುಟ್ಟಿದ್ದು,” ಎಂದ ಸಂಜೂರ.

“ಇನ್ನೊಂದು ಮಾತಿದೆ,” ಎಂದಳು ಬುದೂರ್. “ಎರಡನೇ ಅಂಕಿಯ ಬಂಡೆ. ಇಲ್ಲಿನ ಕುಲದ ತಾಯಂದಿರು ಅಲ್ಲೇ ಸೇರೋದು. ಒಂದನೇ ಅಂಕಿಯಲ್ಲಿ ಸಿಕ್ಕ ಮರಿಗಳ ತಾಯಿ ಎರಡರಲ್ಲಿ ಸಿಕ್ಕಿದೆ. ಮೂರರಲ್ಲಿ ಸಿಕ್ಕವುಗಳ ತಾಯಿಯೂ ಅಲ್ಲೇ. ನಿಷೇಧ ಮುಗಿದ ಮೇಲೂ ಅದೊಂದು ಬಂಡೆಗೆ ಇನ್ನೊಂದು ತಿಂಗಳು ಯಾರೂ ಹೋಗದಿದ್ರೆ, ಐದಾರು ವರ್ಷದಲ್ಲಿ ಮೂರೂ ಬಂಡೆ ತುಂಬುತ್ತೆ. ಇಲಾಖೆ ಅದಕ್ಕೆ ಆಜ್ಞೆ ಮಾಡೋಕಾಗಲ್ಲ, ಆ ಬಂಡೆ ಎಲ್ಲಿದೆ ಅಂತಾನೇ ಇಲಾಖೆಗೆ ಗೊತ್ತಿಲ್ಲ. ಅದು ನಿಮ್ಮ ಕೂಟದ ಕೈಲಿದೆ.”

ಎರಡನೇ ಅಂಕಿಯ ಬಂಡೆ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಕಿಟಕಿಯ ಹೊರಗೆ ನಿಂತಿದ್ದಳು. ಹನ್ನೊಂದು ತಲೆಗಳೂ ಒಟ್ಟಿಗೆ ಆ ಕಡೆ ತಿರುಗಿದವು.

ಸಂಜೂರ ಎದ್ದು ನಿಂತ. ಯಜಮಾನನ ಮಾತು ಆಡುವ ಮೊದಲು ಇದು ನನ್ನದೇ ಇರಬಹುದು ಎಂದು ಅವನು ಯೋಚಿಸಿದ. ಯೋಚಿಸಿಯೇ ಆಡಿದ.

“ಕೂಟದ ತೀರ್ಮಾನ ಇಷ್ಟು. ನಿಷೇಧ ಮುಗಿದ ಮೊದಲ ತಿಂಗಳು, ದೋಣಿ ಇಳಿಸೋ ಮೊದಲು ಪ್ರತಿಯೊಬ್ಬನೂ ನನ್ನ ಮನೆ ಹೊಸ್ತಿಲಿಗೆ ಬರಬೇಕು. ನಾಸಿರನಮ್ಮ ‘ಹೋಗು’ ಅಂದ್ರೆ ಹೋಗಬೇಕು, ‘ಬೇಡ’ ಅಂದ್ರೆ ಕೂರಬೇಕು. ಯಾಕೆ ಅಂತ ಕೇಳಬಾರದು.”

“ಮದುವೆ ಕೇಳೋ ಹಾಗೆ,” ಎಂದ ಮುಸಲ್ಲಮ್.

“ಮದುವೆ ಕೇಳೋ ಹಾಗೇ.”

ಗಾಳಿ ಬಂತು, ಎರಡು ತಿಂಗಳು ಬೀಸಿತು, ಇಳಿಯಿತು. ನಿಷೇಧದಲ್ಲಿ ಉಳಿದಿದ್ದ ನಲವತ್ತು ದಿನವೂ ಕಳೆಯಿತು. ನಿಷೇಧ ಮುಗಿದ ಮೊದಲ ಬೆಳಗ್ಗೆ ಸಂಜೂರ ಫಜರ್ ನಮಾಜು ಮುಗಿಸಿ ಬಂದು, ಗಾಳದ ಬುಟ್ಟಿ ಹೆಗಲಿಗೆ ಹಾಕಿ, ತನ್ನದೇ ಮನೆಯ ಹೊಸ್ತಿಲ ಹೊರಗೆ ನಿಂತು ಕೆಮ್ಮಿದ. ಅಂಗಳದ ಆಚೆ ಸರದಿಗೆ ನಿಂತವರಿಗೆ ಕೇಳುವ ಹಾಗೆ ಕೇಳಿದ.

“ಹೋಗಲಾ?”

ಒಳಗಿಂದ ರೊಟ್ಟಿ ಬೇಯುವ ವಾಸನೆ ಬಂತು. ಆಮೇಲೆ ದನಿ ಬಂತು. “ಬೇಡ ನಾಸಿರನಪ್ಪಾ. ಕೂತ್ಕೊಳ್ಳಿ.”

ಅವನು ಬುಟ್ಟಿ ಇಳಿಸಿದ. ತಂದೆಯ ಬಂಡೆ ತಾಯಿಬಂಡೆಯೆಂದು ಗೊತ್ತಾದ ಆ ಗಳಿಗೆಯಲ್ಲಿ ಅವನಿಗೆ ದುಃಖವಾಗಬೇಕಿತ್ತು. ಆದದ್ದು ಒಂದು ವಿಚಿತ್ರ ಹೆಮ್ಮೆ. ಯಾರಿಗೂ ಮುಖ ತೋರಿಸದೆ ನೆಟ್ಟಗೆ ಸಬ್ಲಾಕ್ಕೆ ಹೋಗಿ, ಕಾಫಿ ಕಾಸಿಕೊಂಡು, ಹರಿದ ಬಲೆಯೊಂದನ್ನು ಮಡಿಲಿಗೆ ಹಾಕಿಕೊಂಡು ಕೂತ. ದಡದಿಂದ ಎಂಜಿನ್ನುಗಳು ಒಂದೊಂದಾಗಿ ಹೊರಟ ಸದ್ದು ಎಣಿಸಿದ. ಏಳು.

ಬಾಗಿಲಲ್ಲಿ ನೆರಳು ಬಿತ್ತು. ಖಲ್ಫಾನ್. ಅವನ ಹೆಗಲಲ್ಲೂ ಒಂದು ಹರಿದ ಬಲೆ.

“ಬಲೆ ಹರಿದಿತ್ತು,” ಎಂದ ಖಲ್ಫಾನ್.

“ನನ್ನದೂ,” ಎಂದ ಸಂಜೂರ.

ಖಲ್ಫಾನ್ ಕೂತ. ಇಬ್ಬರೂ ಸ್ವಲ್ಪ ಹೊತ್ತು ಬಲೆ ಹೆಣೆದರು. ಸಂಜೂರ ಬೆಳಗಿನ ನಮಾಜಿನ ಮೇಲೆ ಹೋಗುವವನು, ಖಲ್ಫಾನ್ ಇಳಿಹೊತ್ತಿನ ಅಸರ್ ನಮಾಜಿನ ಮೇಲೆ. ಆದರೂ ಒಬ್ಬ ತಡವಾಗಿ ಮರಳಿ ಇನ್ನೊಬ್ಬ ಬೇಗ ಹೊರಟು, ಎಷ್ಟೋ ಸಲ ಆ ನೀರಿನ ಹತ್ತಿರ ಇಬ್ಬರ ದೋಣಿಯೂ ಎದುರುಬದುರಾಗಿತ್ತು. ಕಂಡ ಕೂಡಲೇ ಸಂಜೂರ ತನ್ನ ಜಾಗ ತಿಳಿಯಬಾರದೆಂದು ದೋಣಿಯ ಮುಖ ಪೂರ್ವಕ್ಕೆ ತಿರುಗಿಸಿ ಹೋಗುತ್ತಿದ್ದ. ಖಲ್ಫಾನ್ ಅಷ್ಟೇ ಅವಸರದಲ್ಲಿ ಪಶ್ಚಿಮಕ್ಕೆ. ಚೆನ್ನಾಗಿ ದಾರಿ ತಪ್ಪಿಸಿದೆನೆಂದು ಸಂಜೂರ ಮನೆಗೆ ಬಂದು ನೆಮ್ಮದಿಯಿಂದ ಉಂಡಿದ್ದ. ಎದುರಿನವನೂ ಹಾಗೇ ಉಂಡಿರಬೇಕು.

“ಎಷ್ಟು ವರ್ಷ?” ಎಂದು ಕೇಳಿದ, ಬಲೆಯಿಂದ ಕಣ್ಣೆತ್ತದೆ.

“ಮೂವತ್ತೆಂಟು. ನಿನಗೆ?”

“ನಲವತ್ತು.”

“ನನ್ನ ಮಾವ ಸಾಯೋ ಮೊದಲು ಹೇಳಿದ್ದು,” ಎಂದ ಖಲ್ಫಾನ್. “ಸಿದ್ರಾ ಮರ, ಕೋಟೆಯ ಮೂಲೆ.”

“ಮಿನಾರು, ಗುಡ್ಡದ ಕಚ್ಚು.”

ಖಲ್ಫಾನ್ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಎರಡೂ ಗೆರೆಗಳನ್ನು ಕಡಲಿನ ಮೇಲೆ ಎಳೆದು ನೋಡಿದ. ಅವು ಕೂಡಿದ ಕಡೆ ಅವನ ಗಡ್ಡ ಅಲುಗತೊಡಗಿತು. ಸಂಜೂರನ ಭುಜವೂ ಅಲುಗಿತು. ಇಬ್ಬರು ಮುದುಕರು ಬಲೆಯೊಳಗೆ ಸಿಕ್ಕಿಬಿದ್ದವರ ಹಾಗೆ ನಕ್ಕರು, ಉಸಿರು ಸಿಗುವವರೆಗೆ ನಕ್ಕರು.

ಅಷ್ಟರಲ್ಲಿ ಬಾಗಿಲ ಹೊರಗೆ ಯಾರೋ ಚಪ್ಪಲಿ ಬಿಡುವ ಸದ್ದಾಯಿತು. ಮುಸಲ್ಲಮ್ ಇಣುಕಿದ, ಒಳಗಿದ್ದವರನ್ನು ನೋಡಿ ಹಿಂದೆ ಸರಿಯಲು ಹೋದ. ಅವನ ಬೆನ್ನ ಹಿಂದೆ ಇನ್ನೊಬ್ಬನೂ ಇದ್ದ. ಇಬ್ಬರ ಕೈಯಲ್ಲೂ ಹರಿದ ಬಲೆಗಳಿದ್ದವು.

“ಬಾ, ಬಾ, ನಾಚ್ಕೋಬೇಡ,” ಎಂದ ಸಂಜೂರ, ಚಾಪೆಯ ಮೇಲೆ ಜಾಗ ಬಿಟ್ಟು, ಕಾಫಿಯ ಬಟ್ಟಲುಗಳನ್ನು ತೊಳೆಯುತ್ತ. “ಇನ್ನೂ ಒಂದು ತಿಂಗಳಿದೆ.”